ಚಿಯರ್‌ಲೀಡಿಂಗ್ ತಂಡ ಅಮೆರಿಕಕ್ಕೆ: ವಯಸ್ಸಿನ ಲೆಕ್ಕ ಹೇಗೆ, ತಲೆಗೆ ₹3.6 ಲಕ್ಷ ಸರಿಯೇ?

ತೊಗರಿ_ನಾಡು (ಕಲಬುರಗಿ)

ನಮ್ಮ ಶಾಲೆಯ ಜಿಮ್ನಾಸ್ಟಿಕ್ಸ್ ತಂಡದಲ್ಲಿ 18 ಹುಡುಗಿಯರಿದ್ದಾರೆ. ಹುಟ್ಟಿದ ವರ್ಷ 2010ರಿಂದ 2014ರ ತನಕ. 2027ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ನಡೆಯುವ ಚಿಯರ್‌ಲೀಡಿಂಗ್ (ಸಂಗೀತಕ್ಕೆ ತಂಡವಾಗಿ ಒಬ್ಬರನ್ನೊಬ್ಬರು ಎತ್ತುವ, ಪಿರಮಿಡ್ ಕಟ್ಟುವ, ಪಲ್ಟಿ ಹೊಡೆಯುವ ಕ್ರೀಡೆ) ಸ್ಪರ್ಧೆಗೆ ಕರೆದೊಯ್ಯುವುದಾಗಿ ಒಂದು ಸಂಸ್ಥೆಯವರು ಪೋಷಕರ ಸಭೆಯಲ್ಲಿ ಹೇಳಿದ್ದಾರೆ. ಒಬ್ಬರಿಗೆ ₹3.6 ಲಕ್ಷ. ವಾರದೊಳಗೆ ₹50,000 ಮುಂಗಡ ಕಟ್ಟಬೇಕಂತೆ. ಕೊಟ್ಟ ಹಾಳೆಯಲ್ಲಿ "ಜೂನಿಯರ್ ವಿಭಾಗ" ಎಂದಷ್ಟೇ ಇದೆ, ಯಾವುದಕ್ಕೆ ಎಷ್ಟು ಖರ್ಚು ಅನ್ನುವ ವಿವರ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ವಯಸ್ಸನ್ನು ಯಾವ ದಿನಾಂಕಕ್ಕೆ ಎಣಿಸುತ್ತಾರೆ? 18 ಜನರೂ ಒಂದೇ ತಂಡದಲ್ಲಿ ಆಡಬಹುದೇ? ಈ ಮೊತ್ತದಲ್ಲಿ ಏನೇನು ಸೇರಿರಬೇಕು? ಮುಂದೆ ಕಾಲೇಜು ಸೀಟಿಗೆ, ನೌಕರಿಗೆ ಈ ಪ್ರಮಾಣಪತ್ರ ನಡೆಯುತ್ತದೆಯೇ?

ಬಹಮನಿ_ಕೋಟೆ (ಬೀದರ್)

"ಜೂನಿಯರ್" ಅನ್ನುವ ಒಂದು ಪದದಿಂದ ಏನೂ ತಿಳಿಯುವುದಿಲ್ಲ. ಅದು ಯಾರ ಜೂನಿಯರ್ ಎಂದು ಕೇಳಿ. ಚಿಯರ್‌ಲೀಡಿಂಗ್‌ಗೆ ಅಂತರರಾಷ್ಟ್ರೀಯ ಸಂಸ್ಥೆ ಎಂದರೆ ಇಂಟರ್‌ನ್ಯಾಷನಲ್ ಚಿಯರ್ ಯೂನಿಯನ್, ಐಸಿಯು. 2004ರಲ್ಲಿ ಶುರುವಾದ ಇದಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2016ರಲ್ಲಿ ತಾತ್ಕಾಲಿಕ ಮಾನ್ಯತೆಯನ್ನೂ 2021ರಲ್ಲಿ ಪೂರ್ಣ ಮಾನ್ಯತೆಯನ್ನೂ ಕೊಟ್ಟಿತು. ಹಾಗೆಂದು ಕ್ರೀಡೆ ಒಲಿಂಪಿಕ್ಸ್‌ಗೆ ಸೇರಿತು ಎಂದಲ್ಲ. ಐಸಿಯು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಡುವುದು ದೇಶದ ತಂಡ, ಅದನ್ನು ಕಳಿಸುವುದು ಐಸಿಯು ಸದಸ್ಯತ್ವ ಇರುವ ರಾಷ್ಟ್ರೀಯ ಒಕ್ಕೂಟ. ವಿಶ್ವ ಚಾಂಪಿಯನ್‌ಷಿಪ್ ನಡೆಯುವ ಊರಲ್ಲೇ, ಅದೇ ತಿಂಗಳಲ್ಲಿ ಕ್ಲಬ್‌ಗಳಿಗೆ ಬೇರೆ ಮುಕ್ತ ಸ್ಪರ್ಧೆಗಳೂ ನಡೆಯುತ್ತವೆ. ಎರಡಕ್ಕೂ ನಿಯಮ ಬೇರೆ, ಬೆಲೆಯೂ ಬೇರೆ. ನಿಮಗೆ ಹೇಳಿದ್ದು ಇವೆರಡರಲ್ಲಿ ಯಾವುದು ಎಂದು ಬರೆಸಿಕೊಳ್ಳಿ.

ಇನ್ನು ವಯಸ್ಸು. ನಮ್ಮ ಪೋಷಕರಿಗೆ "ಇವತ್ತಿಗೆ ಎಷ್ಟು ತುಂಬಿತು" ಎಂದು ಎಣಿಸುವುದು ರೂಢಿ. ಅಂತರರಾಷ್ಟ್ರೀಯ ನಿಯಮಗಳು ಹಾಗೆ ಎಣಿಸುವುದು ಕಡಿಮೆ. ಎಫ್‌ಐಜಿ, ಅಂದರೆ ವಿಶ್ವ ಜಿಮ್ನಾಸ್ಟಿಕ್ಸ್ ಒಕ್ಕೂಟ, ಸ್ಪರ್ಧೆಯ ವರ್ಷದಿಂದ ಹುಟ್ಟಿದ ವರ್ಷವನ್ನು ಕಳೆಯುತ್ತದೆ. 2012ರ ಜನವರಿ 1ಕ್ಕೆ ಹುಟ್ಟಿದವಳೂ ಡಿಸೆಂಬರ್ 31ಕ್ಕೆ ಹುಟ್ಟಿದವಳೂ 2027ರಲ್ಲಿ 15 ವರ್ಷದವರೇ. ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ಮಹಿಳೆಯರ ಸೀನಿಯರ್ ವಿಭಾಗಕ್ಕೆ ಆ ವರ್ಷ 16 ಆಗಿರಬೇಕು, ಹುಡುಗರಿಗೆ 18. ಈ 16 ಮೊದಲಿನಿಂದ ಬಂದದ್ದಲ್ಲ. 1980ರ ತನಕ 14 ಇತ್ತು, 1981ರಿಂದ 15 ಆಯಿತು, 1997ರಿಂದ 16. ಫಿಗರ್ ಸ್ಕೇಟಿಂಗ್‌ನವರದು ಮತ್ತೊಂದು ರೀತಿ. ಅಲ್ಲಿ ಗಡಿ ಜುಲೈ 1, ಸೀನಿಯರ್ ಆಗಲು ಅದಕ್ಕೆ ಮೊದಲೇ 17 ತುಂಬಿರಬೇಕು. ಒಂದೇ ಹುಡುಗಿ ಒಂದು ಕಡೆ ಅರ್ಹಳು, ಇನ್ನೊಂದು ಕಡೆ ಅಲ್ಲ.

ಚಿಯರ್‌ನಲ್ಲಿ ಯೂತ್, ಜೂನಿಯರ್, ಸೀನಿಯರ್ ಎಂಬ ವಿಭಾಗಗಳಿವೆ. ಪ್ರತಿ ಸ್ಪರ್ಧೆಯ ಆ ವರ್ಷದ ನಿಯಮಪುಸ್ತಕದಲ್ಲಿ ಪ್ರತಿ ವಿಭಾಗದ ವಯೋಮಿತಿ ಅಚ್ಚಾಗಿರುತ್ತದೆ. ಆ ಪುಟವನ್ನೇ ಕೇಳಿ ಪಡೆಯಿರಿ, ಕಳೆದ ವರ್ಷದ ಪುಟ ಬೇಡ. ನಿಮ್ಮಲ್ಲಿ ದೊಡ್ಡವಳಿಗೂ ಚಿಕ್ಕವಳಿಗೂ ನಾಲ್ಕು ವರ್ಷದ ಅಂತರ ಇದೆ, 2027ರಲ್ಲಿ 17 ಮತ್ತು 13. ಜೂನಿಯರ್ ವಯೋಮಿತಿಯೊಳಗೆ ಇಬ್ಬರೂ ಬರುತ್ತಾರೆಯೇ ಎಂದು ಆ ಪುಟದಲ್ಲೇ ನೋಡಿ.

ಇದಕ್ಕೆ ಹತ್ತಿರದ ಇನ್ನೊಂದು ದಾರಿ ಅಕ್ರೋಬ್ಯಾಟಿಕ್ ಜಿಮ್ನಾಸ್ಟಿಕ್ಸ್. ಅದರಲ್ಲೂ ಪಿರಮಿಡ್ ಇದೆ, ಎತ್ತುವುದು ಇದೆ. ಅದರ ವಯೋಗುಂಪುಗಳು 11–16, 12–18, 13–19 ಎಂದು ಬೇಕೆಂದೇ ಅಗಲ, ಒಂದರ ಮೇಲೊಂದು ಹಾಯುತ್ತವೆ, ಏಕೆಂದರೆ ಕೆಳಗೆ ನಿಲ್ಲುವವರು ದೊಡ್ಡವರೂ ಮೇಲಿರುವವರು ಚಿಕ್ಕವರೂ ಆಗಿರುತ್ತಾರೆ. 2027ಕ್ಕೆ 12–18 ಅಂದರೆ 2009ರಿಂದ 2015ರ ಹುಟ್ಟು, ನಿಮ್ಮ 18 ಜನರೂ ಒಳಗೆ ಬರುತ್ತಾರೆ. ಆದರೆ ಅದು ಇಬ್ಬರು, ಮೂವರು ಅಥವಾ ನಾಲ್ವರ ಜೋಡಣೆ. ಚಿಯರ್‌ನಂತೆ 20 ಜನರ ತಂಡ ಅಲ್ಲ.

ಭೀಮಾ_ತೀರ (ಯಾದಗಿರಿ)

ಬಹಮನಿ ಸರ್ ಹೇಳಿದ್ದು ಖರೆ ಅದ. ಆದ್ರ ನಮ್ಮ ಕಡೆ ಗೊಂದಲ ರೂಲ್‌ಬುಕ್ಕಿನ್ಯಾಗ ಆಗೂದಿಲ್ರಿ, ಕಾಗದದಾಗ ಆಗ್ತದ. ಸಾಲಿ ದಾಖಲಾತಿ ನೋಡ್ರಿ, ಎಷ್ಟು ಹುಡುಗ್ಯಾರ ಹುಟ್ಟಿದ ದಿನ ಜೂನ್ 1 ಅಂತ ಇರ್ತದ! ಸಾಲಿಗೆ ಹಚ್ಚೂ ಮುಂದ ಮಾಸ್ತರು ಬರಕೊಂಡದ್ದು ಅದು. ಜನನ ಪ್ರಮಾಣಪತ್ರದಾಗ ಬ್ಯಾರೆ, ಆಧಾರದಾಗ ಬ್ಯಾರೆ. ಸ್ಪರ್ಧೆ ನಡಿಯೂ ಕಡೆ ನೋಂದಣಿ ಟೇಬಲ್ ಮ್ಯಾಲೆ ನೋಡೂದು ಪಾಸ್‌ಪೋರ್ಟ್ ಒಂದೇ. ಅದಕ್ಕ ಪಾಸ್‌ಪೋರ್ಟಿಗೆ ಹಾಕೂಕಿಂತ ಮೊದಲ ಮೂರೂ ಕಾಗದ ಒಂದ ಮಾಡ್ಕೊಳ್ರಿ, ಜನನ ಪ್ರಮಾಣಪತ್ರದಾಗಿನ ದಿನವೇ ಮೂಲ ಅಂತ ಹಿಡೀರಿ.

ಇನ್ನೊಂದು. ದವಾಖಾನ್ಯಾಗ ಹುಟ್ಟಿದ ಕೂಸಿನ ಪ್ರಮಾಣಪತ್ರದಾಗ ಹೆಸರಿನ ಜಾಗ ಖಾಲಿ ಇರೂದು ಭಾಳ. ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ 12 ತಿಂಗಳ ಒಳಗ ಹೆಸರು ಸೇರಿಸಿದ್ರ ಶುಲ್ಕ ಇಲ್ಲ, ಆಮ್ಯಾಲೆ 15 ವರ್ಷದ ತನಕ ತಡ ಶುಲ್ಕ ಕಟ್ಟಿ ಸೇರಿಸಬಹುದು. 2012ರಾಗ ಹುಟ್ಟಿದವರಿಗೆ ಆ 15 ವರ್ಷ 2027ಕ್ಕ ಮುಗೀತದ. 2010ರವರದು 2025ಕ್ಕ, 2011ರವರದು 2026ಕ್ಕ. ಅವರ ಕಾಗದ ಇವತ್ತ ತಗದು ನೋಡ್ರಿ, ನಾಳೆ ಅನಬ್ಯಾಡ್ರಿ. ಮಹಾನಗರ ಪಾಲಿಕೆ ಇಲ್ಲಾ ಪಂಚಾಯ್ತಿ, ಎಲ್ಲಿ ನೋಂದಾಗ್ಯದೋ ಅಲ್ಲೇ ಆಗಬೇಕು.

ಯಾರರೆ ಬಂದು "ಒಂದು ವರ್ಷ ಇಳಿಸಿ ಪಾಸ್‌ಪೋರ್ಟ್ ಮಾಡಸೂಣು, ಜೂನಿಯರ್‌ದಾಗ ಕುಂದರ್ತಾಳ" ಅಂದ್ರ ಬಾಗಿಲಿಂದಲೇ ಕಳಸ್ರಿ. ವರ್ಷ ಕಳದ ಮ್ಯಾಲೂ ಹಿಡೀತಾರ. 2000ದ ಸಿಡ್ನಿ ಒಲಿಂಪಿಕ್ಸ್‌ದಾಗ ಚೀನಾದ ಜಿಮ್ನಾಸ್ಟಿಕ್ಸ್ ತಂಡ ಗೆದ್ದ ಕಂಚು 2010ರಾಗ ವಾಪಸ್ ತಗೊಂಡ್ರು, ತಂಡದಾಗ ಒಬ್ಬಾಕಿಗೆ ವಯಸ್ಸು ಆಗಿರಲಿಲ್ಲ ಅಂತ. ತಪ್ಪು ಒಬ್ಬಾಕಿದು, ಪದಕ ಹೋಗಿದ್ದು ಎಲ್ಲಾರದು. ಉತ್ತರ ಕೊರಿಯಾದ ಒಬ್ಬ ಜಿಮ್ನಾಸ್ಟ್ ಮೂರು ಸ್ಪರ್ಧೆಗೆ ಮೂರು ಹುಟ್ಟಿದ ವರ್ಷ ಕೊಟ್ಟದ್ದಕ್ಕ ಆ ದೇಶಕ್ಕೇ ಎರಡು ವರ್ಷ ನಿಷೇಧ ಬಿತ್ತು.

ಲೆಕ್ಕದ_ಹಾಳೆ (ಕಲಬುರಗಿ)

ಖರ್ಚಿನ ಮಾತು. ಒಟ್ಟು ಮೊತ್ತ ಹೆಚ್ಚೋ ಕಡಿಮೆಯೋ ಎಂದು ಹೀಗೇ ಹೇಳಲು ಬರುವುದಿಲ್ಲ. ಬಿಡಿಸಿ ಬರೆದುಕೊಡದ ಮೊತ್ತ ಮಾತ್ರ ಯಾವತ್ತೂ ತಪ್ಪು.

ಕೆಲವು ಸರ್ಕಾರಿ ದರಗಳು ಯಾರು ಕಟ್ಟಿದರೂ ಅಷ್ಟೇ. ಅಪ್ರಾಪ್ತರ ಹೊಸ ಪಾಸ್‌ಪೋರ್ಟಿಗೆ ₹1,000, ತತ್ಕಾಲ್ ಆದರೆ ಇನ್ನೂ ₹2,000. ಅದರ ಅವಧಿ ಐದು ವರ್ಷ ಅಥವಾ 18 ತುಂಬುವ ತನಕ, ಯಾವುದು ಮೊದಲೋ ಅದು. ತಂದೆ ತಾಯಿ ಇಬ್ಬರೂ ಅನುಬಂಧ ಡಿ, ಅಂದರೆ ಪೋಷಕರ ಒಪ್ಪಿಗೆ ಪತ್ರಕ್ಕೆ, ಸಹಿ ಮಾಡಬೇಕು. ಅಮೆರಿಕದ ಬಿ1/ಬಿ2 (ಭೇಟಿಗೆ ಹೋಗುವವರ) ವೀಸಾ ಅರ್ಜಿಗೆ ತಲೆಗೆ 185 ಡಾಲರ್, ವೀಸಾ ಸಿಗದಿದ್ದರೂ ಮರಳಿ ಬರುವುದಿಲ್ಲ. ಸಂದರ್ಶನಕ್ಕೆ ಹೈದರಾಬಾದ್ ಸಿಕ್ಕರೆ ನಮ್ಮ ಭಾಗದವರಿಗೆ ಹೋಗಿಬರುವುದು ಸಲೀಸು. ಚೆನ್ನೈ ಆದರೆ ವಸತಿ ಖರ್ಚು ಬೇರೆ ಸೇರುತ್ತದೆ.

ಜನ ಮರೆಯುವುದು ದೊಡ್ಡವರ ಖರ್ಚನ್ನು. ತರಬೇತುದಾರ, ಮಹಿಳಾ ಮೇಲ್ವಿಚಾರಕಿ ಸೇರಿ ನಾಲ್ವರು ಜೊತೆಗೆ ಹೋಗುತ್ತಾರೆ ಎಂದುಕೊಳ್ಳಿ, ಒಬ್ಬರಿಗೆ ₹2 ಲಕ್ಷ ಎಂದು ಹಿಡಿಯಿರಿ. ಆ ₹8 ಲಕ್ಷ 18 ಮಕ್ಕಳ ಮೇಲೆ ಹಂಚಿದರೆ ತಲೆಗೆ ₹44,444. ನಾಲ್ವರಿಗೆ ವೀಸಾ ಸಿಗದೆ 14 ಜನ ಉಳಿದರೆ ₹57,143. ಈ ಏರಿಕೆ ಯಾರ ತಲೆಗೆ ಎಂದು ಮೊದಲೇ ಬರೆದಿರಬೇಕು. ಇಲ್ಲದಿದ್ದರೆ ಟಿಕೆಟ್ ತೆಗೆಸಿದ ಮೇಲೆ ಕೇಳುತ್ತಾರೆ, ಆಗ ಇಲ್ಲ ಅನ್ನಲು ಬರುವುದಿಲ್ಲ.

ಹೋಟೆಲ್ ವಿಚಾರ: ಅಮೆರಿಕದ ಚಿಯರ್ ಸ್ಪರ್ಧೆಗಳಲ್ಲಿ ಆಯೋಜಕರು ಹೇಳಿದ ಹೋಟೆಲ್‌ನಲ್ಲೇ ಉಳಿಯಬೇಕು ಎಂಬ ಕಟ್ಟಳೆ ಹಲವು ಕಡೆ ಇದೆ. ಬಂಧುಗಳ ಮನೆಯಲ್ಲಿ ಉಳಿಸಿ ಖರ್ಚು ಇಳಿಸುತ್ತೇವೆ ಎಂಬ ಲೆಕ್ಕ ಅಲ್ಲಿ ನಡೆಯದು. ಸಂಗೀತಕ್ಕೂ ಹಣ ಬೇಕು. ಎರಡೂವರೆ ನಿಮಿಷದ ಟ್ರ್ಯಾಕ್‌ಗೆ ಸಿನಿಮಾ ಹಾಡುಗಳನ್ನು ಕತ್ತರಿಸಿ ಜೋಡಿಸಿದರೆ ಹಕ್ಕಿನ ಪತ್ರ ಕೇಳುತ್ತಾರೆ. ಪರವಾನಗಿ ಇರುವ ಸಂಗೀತ ಕೊಂಡ ರಸೀದಿ ಕೈಯಲ್ಲಿರಬೇಕು. ಪ್ರಯಾಣ ವಿಮೆಯಲ್ಲಿ "ಸ್ಪರ್ಧಾತ್ಮಕ ಕ್ರೀಡೆಯ ಗಾಯ ಸೇರಿಲ್ಲ" ಎಂಬ ಸಾಲು ಸಾಮಾನ್ಯ. ಅದನ್ನು ಒಳಗೊಂಡ ಪಾಲಿಸಿಯನ್ನೇ ತೆಗೆದುಕೊಳ್ಳಿ, ಅಲ್ಲಿ ಒಂದು ಮೂಳೆ ಮುರಿದರೆ ಆಸ್ಪತ್ರೆಯ ಬಿಲ್ಲು ಇಡೀ ಪ್ರವಾಸದ ಖರ್ಚನ್ನು ಮೀರಬಹುದು. ಪ್ರವಾಸ ಪ್ಯಾಕೇಜ್ ಮಾರುವವರು ನಿಮ್ಮಿಂದ ವಸೂಲು ಮಾಡುವ ಟಿಸಿಎಸ್ ಎಂಬ ತೆರಿಗೆ ಪೋಷಕರ ಪ್ಯಾನ್‌ಗೆ ಜಮಾ ಆಗಬೇಕು, ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಸಂಸ್ಥೆಯ ಪ್ಯಾನ್‌ಗೆ ಹೋದರೆ ನಿಮಗೆ ಅದು ಸಿಗುವುದಿಲ್ಲ.

ಪ್ರಮಾಣಪತ್ರದ ಬೆಲೆ ಕೇಳಿದ್ದಿರಿ. ಐಸಿಯು ಸದಸ್ಯತ್ವ ಬೇರೆ, ಕೇಂದ್ರ ಕ್ರೀಡಾ ಸಚಿವಾಲಯದ ಮಾನ್ಯತೆ ಬೇರೆ. ಸೀಟು, ನೌಕರಿಯ ಕ್ರೀಡಾ ಕೋಟಾಗೆ ಎರಡನೆಯದನ್ನೇ ನೋಡುತ್ತಾರೆ. ಸಚಿವಾಲಯದ ಮಾನ್ಯತೆ ಪಡೆದ ಒಕ್ಕೂಟಗಳ ಪಟ್ಟಿ ಸಾರ್ವಜನಿಕವಾಗಿದೆ, ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಹೋಗಿ ಕ್ರೀಡಾ ಇಲಾಖೆಯವರನ್ನು ಕೇಳಿದರೂ ತಿಳಿಯುತ್ತದೆ. ಕೋಟಾದ ಆಸೆಗೆ ₹3.6 ಲಕ್ಷ ಕಟ್ಟುವುದಾದರೆ ಆ ಪಟ್ಟಿ ನೋಡದೆ ಒಂದು ರೂಪಾಯಿಯೂ ಕೊಡಬೇಡಿ.

ಒಂಬತ್ತು_ಪಟ್ಟಿ (ಬೀದರ್)

ಅಭ್ಯಾಸದ ಜಾಗದ ಬಗ್ಗೆ ಯಾರೂ ಹೇಳಲಿಲ್ಲ. ಚಿಯರ್ ಅಂಕಣ 54 ಅಡಿ ಅಗಲ, 42 ಅಡಿ ಆಳ. ಆರು ಅಡಿ ಅಗಲದ ಫೋಮ್ ಪಟ್ಟಿ ಒಂಬತ್ತು. ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನು ಈ ಪಟ್ಟಿಗಳ ಲೆಕ್ಕದಲ್ಲೇ ಕಲಿಸುತ್ತಾರೆ. ಪೂರ್ತಿ ಮ್ಯಾಟ್ ಕೊಳ್ಳುವ ಮೊದಲು ನೆಲದ ಮೇಲೆ ಸುಣ್ಣದಲ್ಲಿ ಆರಡಿಗೊಂದು ಗೆರೆ ಎಳೆದರೆ ನಡಿಗೆ, ಸಾಲು ಬದಲಾವಣೆ ಎಲ್ಲ ಕಲಿಯಬಹುದು. ಎತ್ತುವುದು, ಪಲ್ಟಿ ಮಾತ್ರ ಫೋಮ್ ಮೇಲೆಯೇ. ನಮ್ಮ ಶಾಲೆಗಳ ನೆಲ ಶಹಾಬಾದ್ ಪರ್ಸಿ. ಅದರ ಮೇಲೆ ತೆಳ್ಳನೆಯ ಯೋಗ ಮ್ಯಾಟ್ ಹಾಸಿ ಹುಡುಗಿಯನ್ನು ಎತ್ತಿಸುವುದು ತಲೆಬುರುಡೆಗೆ ಅಪಾಯ.

ಮೇಲೆಯೂ ನೋಡಿ. ಬೇಸ್ ಆಗಿ, ಅಂದರೆ ಎತ್ತುವವಳಾಗಿ ಕೆಳಗೆ ನಿಂತ 5 ಅಡಿ 2 ಅಂಗುಲದ ಹುಡುಗಿ ಕೈ ಎತ್ತಿದರೆ ಅಂಗೈ ಆರು ಅಡಿಯ ಮೇಲಿರುತ್ತದೆ. ಅದರ ಮೇಲೆ ಫ್ಲೈಯರ್ (ಮೇಲೇರುವವಳು) ನಿಂತು ಕೈ ಚಾಚಿದರೆ ಬೆರಳ ತುದಿ 12 ಅಡಿ ಮುಟ್ಟುತ್ತದೆ. ಸಭಾಂಗಣದ ಫ್ಯಾನ್ ರೆಕ್ಕೆ ಅದಕ್ಕಿಂತ ಕೆಳಗಿರಬಹುದು. ಟೇಪ್ ಹಿಡಿದು ಅಳೆಯಿರಿ. ಪಿಟಿ ಬೂಟು ಬೇಡ, ಅದರ ಗಟ್ಟಿ ಅಟ್ಟೆ ಕೆಳಗಿನವರ ಅಂಗೈ, ಭುಜ ಒತ್ತುತ್ತದೆ.

ಮಟ್ಟದ ವಿಷಯ: ಕ್ಲಬ್ ಸ್ಪರ್ಧೆಗಳಲ್ಲಿ 1ರಿಂದ 7ರ ತನಕ ಮಟ್ಟಗಳಿವೆ, ಚಿಕ್ಕ ವಯಸ್ಸಿನವರಿಗೆ ಮೇಲಿನ ಮಟ್ಟ ತೆರೆದಿರುವುದಿಲ್ಲ. ಪಲ್ಟಿಯಲ್ಲಿ ಮೊದಲ ಮಟ್ಟಕ್ಕೆ ಉರುಳು, ಕಾರ್ಟ್‌ವೀಲ್ (ಕೈಯೂರಿ ಚಕ್ರದಂತೆ ಪಕ್ಕಕ್ಕೆ ತಿರುಗುವುದು), ವಾಕೋವರ್ (ಕೈಯೂರಿ ಒಂದೊಂದೇ ಕಾಲು ದಾಟಿಸುವುದು). ಎರಡರಲ್ಲಿ ಹ್ಯಾಂಡ್‌ಸ್ಪ್ರಿಂಗ್ (ಕೈಯೂರಿ ಚಿಮ್ಮಿ ಹೊಡೆಯುವ ಪಲ್ಟಿ). ಮೂರರಲ್ಲಿ ಓಡಿ ಬಂದು ಟಕ್ (ಕೈಯೂರದೆ ಮೈ ಮುದುಡಿ ಗಾಳಿಯಲ್ಲಿ ಹೊಡೆಯುವ ಪಲ್ಟಿ). ನಿಮ್ಮ ಜಿಮ್ನಾಸ್ಟಿಕ್ಸ್ ಹುಡುಗಿಯರು ಪಲ್ಟಿಯಲ್ಲಿ ಮೂರಕ್ಕೆ ಬಂದಿರಬಹುದು. ಆದರೆ ಎತ್ತುವುದರಲ್ಲಿ ಅವರು ಇನ್ನೂ ಮೊದಲನೆಯದರಲ್ಲೇ ಇರುತ್ತಾರೆ. ತಂಡದ ಮಟ್ಟವನ್ನು ಎತ್ತುವುದರಿಂದ ನಿರ್ಧರಿಸಿ.

ತೊಗರಿ_ನಾಡು (ಕಲಬುರಗಿ)

ಎಲ್ಲರಿಗೂ ಶರಣು. ಸಂಸ್ಥೆಯವರನ್ನು ಕೇಳಿದೆವು, ಕ್ಲಬ್ ಸ್ಪರ್ಧೆಯಂತೆ. ನಿಯಮದ ಪುಟ ಇನ್ನೂ ಕಳಿಸಿಲ್ಲ. 2010ರಲ್ಲಿ ಹುಟ್ಟಿದವರು ಐವರಿದ್ದಾರೆ. ಅವರು ವಯಸ್ಸು ಮೀರಿದರೆ ಉಳಿದ 13 ಜನರಿಂದ ನಡೆಯುತ್ತದೆಯೇ?

ಬಹಮನಿ_ಕೋಟೆ (ಬೀದರ್)

ಸಂಖ್ಯೆಯಲ್ಲಿ ನಡೆಯಬಹುದು, ಎತ್ತುವುದರಲ್ಲಿ ನಡೆಯುವುದು ಕಷ್ಟ. ಒಂದು ಸ್ಟಂಟ್ ಗುಂಪಿಗೆ ನಾಲ್ವರು ಬೇಕು: ಎರಡು ಬೇಸ್, ಹಿಂದೆ ಒಬ್ಬ ಬ್ಯಾಕ್‌ಸ್ಪಾಟ್, ಮೇಲೆ ಫ್ಲೈಯರ್. 18 ಜನರಿದ್ದರೆ ನಾಲ್ಕು ಗುಂಪು, ಇಬ್ಬರು ಬದಲಿ. 13 ಜನರಿದ್ದರೆ ಮೂರು ಗುಂಪು, ಒಬ್ಬಳು ಬದಲಿ. ಹೋಗುವ ಐವರು ದೊಡ್ಡವರು, ಎತ್ತರದವರು. ಅಂದರೆ ನಿಮ್ಮ ಬೇಸ್‌ಗಳೂ ಬ್ಯಾಕ್‌ಸ್ಪಾಟ್‌ಗಳೂ ಅವರೇ. ಉಳಿಯುವುದು ಹೆಚ್ಚಾಗಿ ಮೇಲೆ ನಿಲ್ಲುವ ಮಕ್ಕಳು. ಆದ್ದರಿಂದ ವಯಸ್ಸಿನ ಪುಟ ಕೈಗೆ ಬರುವ ತನಕ ಮುಂಗಡ ಕಟ್ಟಬೇಡಿ, ಗುಂಪುಗಳನ್ನೂ ಗಟ್ಟಿ ಮಾಡಬೇಡಿ.

ಇನ್ನೂ ಒಂದು ನೋಡಿ. 2010–11ರಲ್ಲಿ ಹುಟ್ಟಿದವರಲ್ಲಿ ಹಲವರು 2026–27ರಲ್ಲಿ ಹತ್ತನೇ ತರಗತಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ ಹೊತ್ತಿಗೆ, ಸ್ಪರ್ಧೆ ಏಪ್ರಿಲ್‌ಗೆ. ಕೊನೆಯ ಆರು ವಾರ ಪೂರ್ತಿ ತಂಡ ಒಟ್ಟಿಗೆ ಸೇರುವುದಿಲ್ಲ, ಮೇಲಾಗಿ ನಮ್ಮ ಬಿಸಿಲು. ಅದಕ್ಕೇ ಸೆಪ್ಟೆಂಬರ್‌ನಿಂದಲೇ 2012ರ ಹುಡುಗಿಯರಲ್ಲಿ ಗಟ್ಟಿ ಮೊಣಕಾಲು, ನೇರ ಬೆನ್ನು ಇರುವ ನಾಲ್ವರನ್ನು ಆರಿಸಿ ಬೇಸ್ ಮತ್ತು ಬ್ಯಾಕ್‌ಸ್ಪಾಟ್ ಎರಡನ್ನೂ ಕಲಿಸಲು ತರಬೇತುದಾರರಿಗೆ ಹೇಳಿ. ಮೊದಲು ಸೊಂಟದ ಮಟ್ಟ, ಅಲ್ಲಿ ಅಲುಗದೆ ಎಂಟು ಎಣಿಕೆ ನಿಂತ ಮೇಲೆ ಭುಜದ ಮಟ್ಟ.