ಕಾರು ನಿಲ್ಲಿಸಿದೊಡನೆ ಗಿಡುಗ ಹಾರಿಹೋಗುತ್ತದೆ: ಫೋಟೊ ತೆಗೆಯುವ ಕ್ರಮ ಹೇಗೆ?

ಪ್ರಶ್ನೆ, ಪೊನ್ನಂಪೇಟೆಯಿಂದ

ನಮಸ್ಕಾರ. ಗೋಣಿಕೊಪ್ಪದಿಂದ ಕುಟ್ಟದ ಕಡೆಗೆ ಹೋಗುವಾಗ, ಕೊಯ್ಲು ಮುಗಿದ ಗದ್ದೆಗಳ ಅಂಚಿನ ಕರೆಂಟ್ ಕಂಬಗಳ ಮೇಲೆ ಕ್ರೆಸ್ಟೆಡ್ ಸರ್ಪೆಂಟ್ ಈಗಲ್ ಜಾತಿಯ ಹಾವುಗಿಡುಗ ಕುಳಿತಿರುವುದನ್ನು ಆಗಾಗ ನೋಡುತ್ತೇನೆ. ಹಾದುಹೋಗುವ ಬಸ್ಸು, ಜೀಪುಗಳಿಗೆ ಅದು ಕತ್ತು ಕೂಡ ತಿರುಗಿಸುವುದಿಲ್ಲ. ನಾನು ಕಾರು ನಿಲ್ಲಿಸಿ ಕಿಟಕಿ ಇಳಿಸುವಷ್ಟರಲ್ಲಿ ಹಾರಿಬಿಡುತ್ತದೆ. ನನ್ನ ಬಳಿ 150–600 ಮಿ.ಮೀ. ಲೆನ್ಸ್ ಇದೆ. ಹಕ್ಕಿಗೆ ತೊಂದರೆಯಾಗದಂತೆ ಕಾರಿನೊಳಗಿಂದಲೇ ಫೋಟೊ ತೆಗೆಯುವ ಕ್ರಮವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ, ಸಿದ್ದಾಪುರದಿಂದ

ದಿನವೂ ಹಾದುಹೋಗುವ ವಾಹನಗಳಿಗೆ ಹಕ್ಕಿ ಒಗ್ಗಿಕೊಂಡಿರುತ್ತದೆ. ತನ್ನೆದುರೇ ಬ್ರೇಕ್ ಹಾಕಿ ನಿಂತ ವಾಹನಕ್ಕೆ, ಅದರಿಂದ ಚಾಚಿಕೊಂಡ ಲೆನ್ಸಿಗೆ ಒಗ್ಗಿರುವುದಿಲ್ಲ. ಆದ್ದರಿಂದ ಗದ್ದೆ ಬಯಲು ಆರಂಭವಾಗುವ ಮೊದಲೇ ಏಸಿ ಆರಿಸಿ, ಕಿಟಕಿಯನ್ನು ಪೂರ್ತಿ ಇಳಿಸಿ, ಅದರ ಅಂಚಿನ ಮೇಲೆ ಹುರುಳಿ ತುಂಬಿದ ಬಟ್ಟೆಚೀಲವಿಟ್ಟು ಲೆನ್ಸನ್ನು ಅದರ ಮೇಲೆ ಕೂರಿಸಿಕೊಳ್ಳಿ. ಹಕ್ಕಿ ದೂರದಲ್ಲಿ ಕಂಡಾಗಲೇ ವೇಗ ತಗ್ಗಿಸಿ, ನಿಧಾನವಾಗಿ ಉರುಳಿಸಿಕೊಂಡು ಬಂದು ಕಂಬಕ್ಕಿಂತ ಸಾಕಷ್ಟು ಮೊದಲೇ ನಿಲ್ಲಿಸಿ, ಎಂಜಿನ್ ಆರಿಸಿ. ಎಂಜಿನ್ನಿನ ನಡುಕ ಉದ್ದ ಲೆನ್ಸಿನಲ್ಲಿ ಹಲವು ಪಟ್ಟು ಹಿಗ್ಗಿ ಚಿತ್ರವನ್ನು ಮಸುಕಾಗಿಸುತ್ತದೆ.

ನಮ್ಮಲ್ಲಿ ವಾಹನ ಎಡಗಡೆಯಲ್ಲಿ ಚಲಿಸುವುದರಿಂದ ಚಾಲಕರ ಕಿಟಕಿ ರಸ್ತೆಯ ನಡುವಿಗೆ ತೆರೆದುಕೊಳ್ಳುತ್ತದೆ. ಬೇರೊಬ್ಬರಿಗೆ ಸ್ಟೀರಿಂಗ್ ಕೊಟ್ಟು ಹಿಂದಿನ ಸೀಟಿನ ಎಡಬದಿಯಲ್ಲಿ ಕುಳಿತುಕೊಳ್ಳುವುದು ಮೇಲು.

ಎಲ್ಲಕ್ಕಿಂತ ಮುಖ್ಯವಾಗಿ ಹಕ್ಕಿಯ ಮೈಯನ್ನು ಗಮನಿಸಿ. ಗರಿ ಸಡಿಲಿಸಿ ಒಂಟಿಕಾಲಿನಲ್ಲಿ ನಿಂತಿದ್ದರೆ, ಕೊಕ್ಕಿನಿಂದ ಗರಿ ತಿದ್ದಿಕೊಳ್ಳುತ್ತಿದ್ದರೆ ಅದು ನಿರಾಳವಾಗಿದೆ. ಗರಿಗಳನ್ನು ಮೈಗೆ ಬಿಗಿದುಕೊಂಡು ನಿಮ್ಮನ್ನೇ ದಿಟ್ಟಿಸತೊಡಗಿದರೆ ಅಲ್ಲಿಂದ ಹೊರಟುಬಿಡಿ. ಮುಂದಕ್ಕೆ ಬಾಗಿ ಹಿಕ್ಕೆ ಹಾಕಿತೆಂದರೆ ಸಾಮಾನ್ಯವಾಗಿ ಮರುಕ್ಷಣವೇ ಹಾರುತ್ತದೆ. ಕುಳಿತ ಹಕ್ಕಿಗೆ 1/500 ಸೆಕೆಂಡ್ ಶಟರ್ ವೇಗ ಸಾಕಾದರೂ ಹಾರುವ ಹಕ್ಕಿಗೆ 1/2000 ಬೇಕು. ಮೋಡದ ಬಿಳಿ ಆಕಾಶದೆದುರು ಎಕ್ಸ್‌ಪೋಷರನ್ನು (ಚಿತ್ರಕ್ಕೆ ಸಿಗುವ ಬೆಳಕನ್ನು) ಒಂದು ಸ್ಟಾಪ್, ಅಂದರೆ ಎರಡರಷ್ಟಕ್ಕೆ, ಹೆಚ್ಚಿಸದಿದ್ದರೆ ಎದೆಯ ಮೇಲಿನ ಬಿಳಿ ಚುಕ್ಕೆಗಳು ಕತ್ತಲಲ್ಲಿ ಮುಳುಗುತ್ತವೆ.

ಉತ್ತರ, ತಿತಿಮತಿಯಿಂದ

ಮೇಲಿನ ಸಲಹೆಗಳು ಊರಿನ ರಸ್ತೆಗಳಿಗೆ ಮಾತ್ರ ಅನ್ವಯಿಸುತ್ತವೆ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ತಿತಿಮತಿ ದಾಟಿ ಆನೆಚೌಕೂರಿನ ಕಡೆಗೆ ಹೋಗುವ ರಸ್ತೆ ನಾಗರಹೊಳೆಯ ಕಾಡಿನೊಳಗೆ ಸಾಗುತ್ತದೆ. ಅಲ್ಲಿ ವಾಹನ ನಿಲ್ಲಿಸುವುದಾಗಲಿ ಇಳಿಯುವುದಾಗಲಿ ಕೂಡದು, ಆನೆಗಳು ರಸ್ತೆ ದಾಟುವ ಜಾಗವದು. ಘಾಟಿಯ ತಿರುವುಗಳಲ್ಲಿಯೂ ಎಂತಹ ಹಕ್ಕಿ ಕಂಡರೂ ನಿಲ್ಲಿಸಬೇಡಿ.

ಹಾವುಗಿಡುಗ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಜನ ಹತ್ತಿರ ಸುಳಿದಾಡಿ ತಾಯಿ ಎದ್ದುಹೋದರೆ ಆ ವರ್ಷದ ಸಂತಾನವೇ ಹೋದಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಯ ಗೂಡು, ಮೊಟ್ಟೆಗಳಿಗೆ ಭಂಗ ತರುವುದನ್ನೂ ಬೇಟೆಯೆಂದೇ ಪರಿಗಣಿಸುತ್ತದೆ. ಗೂಡು ಕಂಡರೆ ಕ್ಯಾಮೆರಾ ಎತ್ತದೆ ಮುಂದೆ ಸಾಗಿ, ಜಾಗದ ವಿವರವನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಬೇಡಿ. ಮಾಂಸದ ಚೂರು ಎಸೆದು ಹಕ್ಕಿಯನ್ನು ಕರೆಯುವವರೂ ಇದ್ದಾರೆ. ಅಂಥವರ ಜೊತೆ ದಯವಿಟ್ಟು ಹೋಗಬೇಡಿ.

ಉತ್ತರ, ಮಡಿಕೇರಿಯಿಂದ

ಎಂಜಿನ್ ಆರಿಸುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಸದ್ದು ಒಮ್ಮೆಲೇ ನಿಂತರೂ ಹಕ್ಕಿ ಎಚ್ಚೆತ್ತುಕೊಳ್ಳುತ್ತದೆ. ನಿಂತ ಮೇಲೆ ಅದು ಮತ್ತೆ ಗದ್ದೆಯ ಕಡೆ ಮುಖ ತಿರುಗಿಸುವವರೆಗೂ ಕಾದು ಆಮೇಲೆ ಆರಿಸಿ. ಬಿಸಿಲೇರಿದ ಮೇಲೆ ಡಾಂಬರಿನಿಂದೇಳುವ ಬಿಸಿಗಾಳಿಯಲ್ಲಿ ಯಾವ ಲೆನ್ಸಿನಿಂದಲೂ ಸ್ಪಷ್ಟ ಚಿತ್ರ ಸಿಗದು. ಮಳೆ ಬಿಟ್ಟು ಬಿಸಿಲು ಬಂದ ಹೊತ್ತು ನೋಡಿ. ಒದ್ದೆಯಾದ ಗಿಡುಗ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತ ಬಹಳ ಹೊತ್ತು ಒಂದೇ ಕಡೆ ಕುಳಿತಿರುತ್ತದೆ.