ಸಹಾಯ ಬೇಕು: ಡಾರ್ಕ್ ಸೈಡ್‌ಬಾರ್ ಒಳಗೆ ಬಟನ್ ಮಾತ್ರ ಬೆಳ್ಳಗೆ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಇದರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ನಮ್ಮ ವೆಬ್ ಕಾಂಪೊನೆಂಟ್‌ಗಳ (ಬಟನ್‌ನಂಥ, ಮತ್ತೆ ಮತ್ತೆ ಬಳಸುವ ಪೇಜಿನ ಬಿಡಿಭಾಗಗಳ) ಬಣ್ಣವೆಲ್ಲ ಸಿಎಸ್ಎಸ್ ವೇರಿಯೇಬಲ್‌ಗಳಲ್ಲಿದೆ, ಅಂದರೆ ಸ್ಟೈಲ್ ಕೋಡ್‌ನಲ್ಲಿ ಪ್ರತಿ ಬಣ್ಣಕ್ಕೂ ಒಂದು ಹೆಸರು (ಟೋಕನ್) ಕೊಟ್ಟಿದ್ದೇವೆ. ರೂಟ್‌ನಲ್ಲಿ (ಪೇಜಿನ ಎಲ್ಲಕ್ಕಿಂತ ಮೇಲಿನ ಎಲಿಮೆಂಟ್) 'ಸರ್ಫೇಸ್' ಟೋಕನ್, ಮೌಲ್ಯ ಬಿಳಿ. ಅದರ ಕೆಳಗೇ 'ಬಟನ್-ಬಿಜಿ' (ಬಟನ್‌ನ ಹಿನ್ನೆಲೆ ಬಣ್ಣ), ಅದು ಸರ್ಫೇಸ್‌ನಿಂದ ಬಣ್ಣ ತೆಗೆದುಕೊಳ್ಳುತ್ತದೆ. ಇಡೀ ಪೇಜಿಗೆ ಡಾರ್ಕ್ ಹಾಕಿದರೆ ಎಲ್ಲ ಸರಿ. ಸೈಡ್‌ಬಾರ್‌ಗೆ ಮಾತ್ರ ಡಾರ್ಕ್ ಕ್ಲಾಸ್ ಕೊಟ್ಟರೆ ಸೈಡ್‌ಬಾರ್ ಕಪ್ಪಾಗುತ್ತದೆ, ಒಳಗಿನ ಬಟನ್ ಬೆಳ್ಳಗೇ ಕೂತಿರುತ್ತದೆ. ಅಕ್ಷರದ ಬಣ್ಣ ಮಾತ್ರ ಬದಲಾಗುತ್ತದೆ. ಬಿಳಿ ಮೇಲೆ ಬಿಳಿ, 'ಉಳಿಸಿ' ಅನ್ನೋದು ಕಾಣುವುದೇ ಇಲ್ಲ!

ಮೊದಲು ಶ್ಯಾಡೋ ಡಾಮ್ (ಹೊರಗಿನ ಸ್ಟೈಲ್ ತಾಗದ, ಕಾಂಪೊನೆಂಟ್‌ನ ಒಳಭಾಗ) ಮೇಲೆ ಸುಮ್ನೆ ಅನುಮಾನಪಟ್ಟೆ. ಪಾಪ, ತಪ್ಪು ಅದರದ್ದಲ್ಲ. ವೇರಿಯೇಬಲ್ ಅದರೊಳಗೂ ಇಳಿಯುತ್ತದೆ ಅಲ್ವಾ. ಬ್ರೌಸರ್‌ನ ಡೆವ್‌ಟೂಲ್ಸ್‌ನಲ್ಲಿ ನೋಡಿದರೆ ಬಟನ್-ಬಿಜಿ ರೂಟ್‌ನಲ್ಲೇ ಬಿಳಿ ಅಂತ ತೀರ್ಮಾನವಾಗಿ, ಆ ಬಿಳಿಯೇ ಕೆಳಗೆ ಹರಿದು ಬರುತ್ತಿದೆ.

ಡಾರ್ಕ್ ಕ್ಲಾಸ್‌ನಲ್ಲಿ ಬಟನ್-ಬಿಜಿ ಸಾಲನ್ನು ಮತ್ತೆ ಬರೆದರೆ ಸರಿಹೋಗುತ್ತದೆ. ಆದರೆ ಇಂಥ ಟೋಕನ್ 60ಕ್ಕಿಂತ ಜಾಸ್ತಿ ಇವೆ. ಆ ಸಾಲುಗಳನ್ನು ಕಾಂಪೊನೆಂಟ್‌ನ ಹೋಸ್ಟ್‌ಗೆ (ಅದರ ಹೊರಗಿನ ಎಲಿಮೆಂಟ್‌ಗೆ) ಸರಿಸಿದರೆ, ಮೇಲಿನಿಂದ ಇಳಿದು ಬರುವ ಮೌಲ್ಯವನ್ನು ಅದು ಮುಚ್ಚಿಬಿಡುತ್ತದೆ.

ಸಿಎಸ್ಎಸ್‌ನ ಲೈಟ್-ಡಾರ್ಕ್ ಫಂಕ್ಷನ್ (ಲೈಟ್‌ಗೊಂದು, ಡಾರ್ಕ್‌ಗೊಂದು ಬಣ್ಣ ಒಟ್ಟಿಗೇ ಬರೆಯುವುದು) 2024ರಿಂದ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಇದೆ. ಟೋಕನ್‌ಗಳನ್ನು ಅದರಲ್ಲಿ ಬರೆದು, ಸೈಡ್‌ಬಾರ್‌ಗೆ ಕಲರ್-ಸ್ಕೀಮ್ (ಲೈಟೋ ಡಾರ್ಕೋ ಅಂತ ಹೇಳುವ ಸಿಎಸ್ಎಸ್ ಪ್ರಾಪರ್ಟಿ) ಡಾರ್ಕ್ ಕೊಟ್ಟರೆ ಸಾಕಾ? ಈ ಫಂಕ್ಷನ್ ಇಲ್ಲದ ಹಳೆಯ ಫೋನ್‌ಗಳಿಗೆ ಏನು ಮಾಡುತ್ತೀರಿ? ನಿಜವಾದ ಪ್ರಾಜೆಕ್ಟ್‌ನಲ್ಲಿ ಬಳಸಿದವರು ದಯವಿಟ್ಟು ಹೇಳಿ.