ಈಕ್ವೆಡಾರ್‌ನ 'ಇನ್ವಿಯೆರ್ನೊ': ಚಳಿಗಾಲವೋ ಮಳೆಗಾಲವೋ?

ಗೆಳೆಯರೇ, ದಕ್ಷಿಣ ಅಮೆರಿಕದ ಈಕ್ವೆಡಾರ್‌ಗೆ ಹೋಗುವವರಿಗೆಂದು ಕನ್ನಡದಲ್ಲಿ ಒಂದು ಪುಟ್ಟ ಮಾಹಿತಿ ಬರಹ ಮಾಡುತ್ತಿದ್ದೇನೆ. ದುಡ್ಡಿನ ವಿಷಯ ಬೇಗ ಮುಗಿಯಿತು: 2000ನೇ ಇಸವಿಯಿಂದ ಅಲ್ಲಿ ಅಮೆರಿಕದ ಡಾಲರೇ ನಡೆಯುತ್ತದೆ. ಕರೆಂಟು 120 ವೋಲ್ಟ್, ಪಿನ್ನು ಚಪ್ಪಟೆ, ನಮ್ಮ ಚಾರ್ಜರಿಗೆ ಅಡಾಪ್ಟರ್ ಬೇಕು. ತೊಡಕಾಗಿರುವುದು ಕಾಲಗಳ ಹೆಸರು.

ಅಲ್ಲಿನ ಮಾತು ಸ್ಪ್ಯಾನಿಷ್. ಸ್ಪ್ಯಾನಿಷ್ ನಿಘಂಟಿನಲ್ಲಿ 'ಇನ್ವಿಯೆರ್ನೊ' ಅಂದರೆ ಚಳಿಗಾಲ, 'ವೆರಾನೊ' ಅಂದರೆ ಬೇಸಿಗೆ. ಈಕ್ವೆಡಾರ್ ಜನ ಮಾತ್ರ ಮಳೆ ಬೀಳುವ ತಿಂಗಳುಗಳನ್ನು ಇನ್ವಿಯೆರ್ನೊ ಅನ್ನುತ್ತಾರೆ, ಮಳೆಯಿಲ್ಲದ ತಿಂಗಳುಗಳನ್ನು ವೆರಾನೊ. ಕಡಲ ಸೀಮೆಯ ಗ್ವಾಯಾಕಿಲ್‌ನಲ್ಲಿ ಸುಮಾರು ಡಿಸೆಂಬರ್‌ನಿಂದ ಮೇವರೆಗೆ ಇನ್ವಿಯೆರ್ನೊ. ಸೆಕೆ ಜಾಸ್ತಿ ಇರುವುದೂ ಆಗಲೇ! 'ಚಳಿಗಾಲ' ಅಂತ ಬರೆದರೆ ಓದಿದವರು ಸ್ವೆಟರ್ ತುಂಬಿಕೊಂಡು ಹೋಗುತ್ತಾರೆ, ಅಲ್ಲಿ ಬೇಕಾದದ್ದು ಕೊಡೆ.

ಸಮಭಾಜಕ ರೇಖೆ ರಾಜಧಾನಿ ಕೀಟೊದ ಸ್ವಲ್ಪ ಉತ್ತರಕ್ಕೇ ಹಾದುಹೋಗುತ್ತದೆ. ವರ್ಷವಿಡೀ ಹಗಲು ಹೆಚ್ಚುಕಡಿಮೆ 12 ಗಂಟೆ. ಚಳಿಯೋ ಸೆಕೆಯೋ ಅನ್ನುವುದು ಯಾವ ತಿಂಗಳು ಅನ್ನುವುದಕ್ಕಿಂತ ಎಷ್ಟು ಎತ್ತರದಲ್ಲಿದ್ದೀರಿ ಅನ್ನುವುದರ ಮೇಲಿದೆ. ಕೀಟೊ ಸುಮಾರು 2,850 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ ತುದಿಗಿಂತ 900 ಮೀಟರ್ ಮೇಲೆ! ಅಲ್ಲಿ ಸಂಜೆಗೆ ಯಾವ ತಿಂಗಳಾದರೂ ಸ್ವೆಟರ್ ಬೇಕು.

ಹಾಗಾಗಿ ಇನ್ವಿಯೆರ್ನೊಗೆ 'ಮಳೆಗಾಲ' ಅಂತಲೇ ಹಾಕಿದ್ದೇನೆ. ಇದರಲ್ಲಿ ನನಗೆ ಅನುಮಾನವಿಲ್ಲ. ವೆರಾನೊಗೆ 'ಬೇಸಿಗೆ' ಸರಿಹೋಗದು. ಬೇಸಿಗೆ ಅಂದ ಕೂಡಲೇ ನಮಗೆ ಧಗೆ ನೆನಪಾಗುತ್ತದೆ, ಕಡಲ ಸೀಮೆಯಲ್ಲಿ ಆ ತಿಂಗಳುಗಳೇ ತುಸು ತಂಪು. 'ಒಣಗಾಲ' ಅನ್ನಬಹುದೇ? ಆದರೆ ಈಕ್ವೆಡಾರ್‌ಗೇ ಸೇರಿದ ಗಲಾಪಗೋಸ್ ದ್ವೀಪಗಳಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ತಣ್ಣನೆಯ ಹಂಬೋಲ್ಟ್ ಸಾಗರ ಪ್ರವಾಹದಿಂದಾಗಿ ಗುಡ್ಡದ ಮೇಲೆಲ್ಲ ಮಂಜು, ತೆಳ್ಳನೆ ಹನಿ. ಅದಕ್ಕೆ 'ಗರೂವಾ' ಅನ್ನುತ್ತಾರೆ. ನಮ್ಮ 'ಸೋನೆ' ಇದಕ್ಕೆ ಚೆನ್ನಾಗಿ ಕೂರುತ್ತದೆ, ಅಲ್ವಾ? 'ತುಂತುರು' ಅಂದರೆ ಬಂದು ಹೋಗುವ ಮಳೆಯಂತೆ ಕೇಳುತ್ತದೆ, ಸೋನೆಗೆ ಬಿಡದೆ ಹಿಡಿಯುವ ಗುಣವಿದೆ. ಸರಿ, ಸೋನೆ ಹಿಡಿಯುವ ಕಾಲವನ್ನು ಒಣಗಾಲ ಅನ್ನುವುದು ಹೇಗೆ?

ಇನ್ನೊಂದು 'ವೆರಾನಿಯೊ'. ಬೆಟ್ಟದ ಸೀಮೆಯಲ್ಲಿ ಮಳೆಗಾಲದ ನಡುವೆ, ಕ್ರಿಸ್‌ಮಸ್ ಹೊತ್ತಿಗೆ, ಕೆಲವು ದಿನ ಮಳೆ ಬಿಟ್ಟು ಬಿಸಿಲು ಬರುವುದಕ್ಕೆ ಈ ಹೆಸರು. ಮಲೆನಾಡಿನಲ್ಲಿ 'ಮಳೆ ಹೊಳವಾಯ್ತು' ಅನ್ನುತ್ತಾರಲ್ಲ, ಆ 'ಹೊಳವು' ಇಲ್ಲಿಗೆ ಹೊಂದುತ್ತದೆಯೇ? ಅರ್ಧ ದಿನದ ಬಿಡುವಿಗಷ್ಟೇ ಆ ಮಾತೋ, ನಾಲ್ಕೈದು ದಿನಕ್ಕೂ ಸಲ್ಲುತ್ತದೋ? ಮಲೆನಾಡು, ಕರಾವಳಿ ಕಡೆಯವರು ನಿಮ್ಮೂರಲ್ಲಿ ಹೇಗೆ ಬಳಸುತ್ತೀರಿ ತಿಳಿಸಿ.